ತಂತಿಗೆ ತಾಳ ಬಂದ ಕಥೆ

ಸಂಗೀತ ಕಛೇರಿಯಲ್ಲಿ ಎಲ್ಲರ ಕಣ್ಣಿಗೂ ಬಿದ್ದು ಯಾರ ಲೆಕ್ಕಕ್ಕೂ ಬಾರದ ಮನುಷ್ಯನೊಬ್ಬನಿರುತ್ತಾನೆ. ಅವನೇ ಮೈಕ್‌ಸೆಟ್ಟಿನವನು. ಧ್ವನಿ ಚೆನ್ನಾಗಿ ಕೇಳಿಸಿದರೆ ಹೊಗಳಿಕೆಯೆಲ್ಲ ವಿದ್ವಾಂಸರಿಗೆ ಸಲ್ಲುತ್ತದೆ. ಒಂದು ಸಲ ಕೀರಲು ಬಂದರೆ ಸಭೆಯ ಐನೂರು ಕತ್ತುಗಳೂ ಒಟ್ಟಿಗೆ ಅವನ ಕಡೆ ತಿರುಗುತ್ತವೆ. ನಾನು ಮೂವತ್ತು ವರ್ಷಗಳಿಂದ ಈ ವೃತ್ತಿಯಲ್ಲಿರುವವನು. ಇಷ್ಟು ಕಾಲ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದವನೇ ಹೊರತು ಬರೆದವನಲ್ಲ. ಈಗ ಬರೆಯಲು ಕುಳಿತಿರುವುದಕ್ಕೆ ಒಂದು ಸಂಜೆಯ ಅವಮಾನವೇ ಕಾರಣ. ಅದನ್ನು ಮೊದಲು ಹೇಳಿಬಿಡುತ್ತೇನೆ. ಆಮೇಲೆ ಅದರ ಹಿಂದಿನ ಚರಿತ್ರೆಗೆ ಹೋಗೋಣ.

ನಾನು ಕೆಲಸಕ್ಕೆ ಸೇರಿದಾಗ ವೇದಿಕೆಗೂ ಸಭೆಯ ಹಿಂಭಾಗದಲ್ಲಿದ್ದ ಮಿಕ್ಸರಿಗೂ ನಡುವೆ ಒಂದು ದಪ್ಪ ಕೇಬಲ್ ಹಾದುಹೋಗುತ್ತಿತ್ತು. ಅದರ ಹೊಟ್ಟೆಯೊಳಗೆ ಮೈಕಿಗೊಂದರಂತೆ ತಾಮ್ರದ ಜೋಡಿ ಎಳೆಗಳು. ಇಪ್ಪತ್ತನಾಲ್ಕು ಮೈಕಿಗೆ ಇಪ್ಪತ್ತನಾಲ್ಕು ಜೋಡಿ. ಮಲ್ಟಿಕೋರ್ ಎಂದು ಅದಕ್ಕೆ ಹೆಸರು. ಹೆಬ್ಬಾವಿನಂತೆ ಸುತ್ತಿಕೊಂಡು ಬಿದ್ದಿರುತ್ತಿದ್ದ ಅದನ್ನು ಇಬ್ಬರು ಹೆಗಲು ಕೊಟ್ಟು ಎತ್ತಬೇಕಾಗಿತ್ತು. ಅಂಗಡಿಯ ಯಜಮಾನರು ನನಗೆ ಮೊದಲು ಕಲಿಸಿದ ವಿದ್ಯೆಯೆಂದರೆ ಅದನ್ನು ತಿರುಚದಂತೆ ಸುತ್ತುವುದು. “ವೈರು ಸುತ್ತಕ್ಕೆ ಬರದೇ ಇರೋನಿಗೆ ಮಿಕ್ಸರ್ ಮುಟ್ಟೋ ಯೋಗ್ಯತೆ ಇಲ್ಲ” ಎನ್ನುತ್ತಿದ್ದರು. ಎರಡು ವರ್ಷ ನಾನು ವೈರನ್ನೇ ಸುತ್ತಿದೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಸಭಾಂಗಣದವರು ಹಳೆಯ ಏರ್ಪಾಟನ್ನು ತೆಗೆದು ಹೊಸದನ್ನು ಹಾಕಿಸಲು ನಿಶ್ಚಯಿಸಿದರು. ಆ ಕೆಲಸ ನನ್ನ ಪಾಲಿಗೆ ಬಂದಿತು. ಹೊಸದರಲ್ಲಿ ಹೆಬ್ಬಾವಿಗೆ ಸ್ಥಾನವಿಲ್ಲ. ವೇದಿಕೆಯ ಪಕ್ಕದಲ್ಲಿ ಒಂದು ಪೆಟ್ಟಿಗೆ, ಮೈಕುಗಳೆಲ್ಲ ಅದಕ್ಕೆ. ಅಲ್ಲಿಂದ ಮಿಕ್ಸರಿಗೆ, ಆಂಪ್ಲಿಫೈಯರುಗಳಿಗೆ ಹೋಗುವುದು ಕಿರುಬೆರಳಿಗಿಂತ ತೆಳುವಾದ ಒಂದೊಂದು ಕೇಬಲ್; ಆಫೀಸುಗಳಲ್ಲಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಎಳೆದಿರುತ್ತಾರಲ್ಲ, ಅದೇ. ಎಲ್ಲ ಕೇಬಲ್ಲುಗಳೂ ನಡುವೆ ಸ್ವಿಚ್ ಎಂಬ ಒಂದು ಸಣ್ಣ ಪೆಟ್ಟಿಗೆಯಲ್ಲಿ ಕೂಡುತ್ತವೆ. ದೀಪ ಹಾಕುವ ಸ್ವಿಚ್ಚಲ್ಲ. ಅಂಚೆ ಕಛೇರಿಯಲ್ಲಿ ಕಾಗದಗಳನ್ನು ವಿಂಗಡಿಸುವವನಂತೆ, ಬಂದ ಸುದ್ದಿಯನ್ನು ಅದರ ವಿಳಾಸ ನೋಡಿ ಮುಂದಕ್ಕೆ ಕಳುಹಿಸುವ ಯಂತ್ರ. ಪಟ್ಟಿಯಲ್ಲಿ ಬರೆದಿದ್ದ ಸ್ವಿಚ್ಚು ಸಮಯಕ್ಕೆ ಬರಲಿಲ್ಲ. ನಾನು ಪೇಟೆಗೆ ಹೋಗಿ ಸಿಕ್ಕ ಒಂದನ್ನು ತಂದು ಕೂರಿಸಿದೆ. ‘ಸ್ವಿಚ್ಚಿನಲ್ಲೇನು ಹೆಚ್ಚುಕಡಿಮೆ’ ಎಂದುಕೊಂಡೆ. ತಪ್ಪು ಯಾರದೆಂಬುದು ವಾಚಕರಿಗೆ ಇಲ್ಲಿಯೇ ತಿಳಿದಿರಲಿ.

ಮೊದಲನೆಯ ಕಛೇರಿ ಒಬ್ಬ ಹಿರಿಯ ವಿದುಷಿಯರದು. ವರ್ಣವೂ ಎರಡು ಕೃತಿಗಳೂ ಸುಖವಾಗಿ ನಡೆದವು. ಆಮೇಲೆ ತೋಡಿಯ ಆಲಾಪನೆಗೆ ಕುಳಿತರು. ಪಿಟೀಲು ಮೆಲ್ಲನೆ ಹಿಂಬಾಲಿಸುತ್ತಿದೆ, ಮೃದಂಗ ಸುಮ್ಮನಿದೆ, ತಂಬೂರಿಯ ನಾದವೊಂದೇ ಸಭೆಯಲ್ಲಿ ತುಂಬಿದೆ. ಆಗ ‘ಟಿಕ್’ ಎಂದಿತು. ಸ್ವಲ್ಪ ಹೊತ್ತಿಗೆ ಮತ್ತೆ ‘ಟಿಕ್’. ಮೈಕ್ ಬದಲಾಯಿಸಿದೆ, ಕೇಬಲ್ ಅಲುಗಿಸಿದೆ, ಹೋಗಲಿಲ್ಲ. ಕಡೆಗೆ ಅಮ್ಮನವರು ಹಾಡುವುದನ್ನು ನಿಲ್ಲಿಸಿ, “ಏನಪ್ಪಾ ಅದು, ಯಾರೋ ಪಕ್ಕದಲ್ಲಿ ಕೂತು ಉಗುರು ಕತ್ತರಿಸ್ತಾ ಇರೋ ಹಾಗಿದೆ?” ಎಂದರು. ಮೃದಂಗದ ವಿದ್ವಾಂಸರು, “ನಾನೂ ಆಗಿನಿಂದ ಎಣಿಸ್ತಾನೇ ಇದೀನಿ. ಯಾವ ತಾಳಕ್ಕೂ ಸಿಗ್ತಾ ಇಲ್ಲ” ಎಂದರು. ಸಭೆ ನಕ್ಕಿತು. ನನಗೆ ನಗು ಬರಲಿಲ್ಲ.

ನಮ್ಮ ಯಜಮಾನರು ಅಂದು ಶ್ರೋತೃವಾಗಿ ಬಂದು ಮೂರನೆಯ ಸಾಲಿನಲ್ಲಿ ಕುಳಿತಿದ್ದರು. ಅವರು ಮಾತಾಡದೆ ಎದ್ದು ಉಗ್ರಾಣದ ಬಾಗಿಲು ತೆಗೆಸಿದರು. ಹಳೆಯ ಮಲ್ಟಿಕೋರ್ ಕೇಬಲ್ಲನ್ನೂ ಹಳೆಯ ಮಿಕ್ಸರನ್ನೂ ಇಬ್ಬರು ಹುಡುಗರಿಂದ ಎಳೆಸಿಕೊಂಡು ಬಂದರು. ಅರ್ಧ ಗಂಟೆಯಲ್ಲಿ ತೋಡಿ ಬಿಟ್ಟಲ್ಲಿಂದ ಮುಂದುವರಿಯಿತು. ಆದರೆ ಕಡಿದ ಆಲಾಪನೆ ಮತ್ತೆ ಮೊದಲಿನಂತೆ ಕೂಡಿಕೊಳ್ಳುವುದಿಲ್ಲವೆಂಬುದು ಕೇಳಿದವರಿಗೆಲ್ಲ ಗೊತ್ತಿತ್ತು. ಕಛೇರಿ ಮುಗಿದ ಮೇಲೆ ಯಜಮಾನರು ಹೇಳಿದ್ದು ಇಷ್ಟೆ: “ತಪ್ಪು ಆಗತ್ತೆ ಕಣಯ್ಯ. ಯಾಕಾಯ್ತು ಅಂತ ತಿಳ್ಕೊಳ್ದೆ ಮಲಗಬೇಡ.”

ಅಂದು ಮಾತ್ರವಲ್ಲ, ಹಲವು ರಾತ್ರಿ ನಾನು ತಡವಾಗಿಯೇ ಮಲಗಿದೆ. ‘ಟಿಕ್’ ಎಲ್ಲಿಂದ ಬಂತೆಂದು ಹುಡುಕುತ್ತ ಹೋದವನಿಗೆ ಧ್ವನಿಯನ್ನು ದೂರಕ್ಕೆ ಸಾಗಿಸಿದ ಪ್ರಯತ್ನಗಳ ಚರಿತ್ರೆಯೇ ಎದುರಾಯಿತು. ಧ್ವನಿಯನ್ನು ಸಾಗಿಸುವುದು ಅಷ್ಟೇನೂ ಕಷ್ಟವಲ್ಲ. ಎರಡು ಕಡೆಯವರೂ ಒಂದೇ ಹೊತ್ತನ್ನು ಒಪ್ಪಿಕೊಳ್ಳುವುದೇ ಕಷ್ಟ ಎಂಬುದು ಆ ಚರಿತ್ರೆಯ ಸಾರ.

ಆರಂಭದಲ್ಲಿ ಈ ತೊಡಕೇ ಇರಲಿಲ್ಲ. ೧೮೮೧ರಲ್ಲಿ ಪ್ಯಾರಿಸ್ ನಗರದಲ್ಲಿ ವಿದ್ಯುತ್ತಿನ ಒಂದು ಅಂತರರಾಷ್ಟ್ರೀಯ ಪ್ರದರ್ಶನ ನಡೆಯಿತು. ಕ್ಲೆಮಾಂ ಆದೆ ಎಂಬ ಇಂಜಿನಿಯರು ಅಲ್ಲಿನ ಒಪೇರಾ ನಾಟಕಶಾಲೆಯ ವೇದಿಕೆಯ ಅಂಚಿನಲ್ಲಿ ಟೆಲಿಫೋನಿನ ಮೈಕುಗಳನ್ನು ಸಾಲಾಗಿ ಇರಿಸಿ, ಎರಡು ಕಿಲೋಮೀಟರಿಗೂ ದೂರದಲ್ಲಿದ್ದ ಪ್ರದರ್ಶನಕ್ಕೆ ತಂತಿ ಎಳೆಸಿದ. ಜನ ಎರಡು ಕಿವಿಗೂ ಒಂದೊಂದು ಕೊಳವೆಯನ್ನು ಹಿಡಿದು ನಿಂತು ಗಾನವನ್ನು ಕೇಳಿದರು. ಗಾಯಕ ವೇದಿಕೆಯಲ್ಲಿ ಎಡದಿಂದ ಬಲಕ್ಕೆ ನಡೆದರೆ ಅದೂ ಕಿವಿಗೆ ತಿಳಿಯುತ್ತಿತ್ತು. ಐವತ್ತೆರಡು ವರ್ಷಗಳ ಮೇಲೆ, ೧೯೩೩ರ ಏಪ್ರಿಲ್ ೨೭ರಂದು, ಅಮೆರಿಕದ ಬೆಲ್ ಪ್ರಯೋಗಾಲಯದವರು ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದರು. ಫಿಲಡೆಲ್ಫಿಯದಲ್ಲಿ ವಾದ್ಯವೃಂದ ನುಡಿಸುತ್ತಿತ್ತು. ಸುಮಾರು ಇನ್ನೂರು ಕಿಲೋಮೀಟರ್ ಆಚೆ ವಾಷಿಂಗ್ಟನ್ನಿನ ಕಾನ್‌ಸ್ಟಿಟ್ಯೂಶನ್ ಹಾಲಿನಲ್ಲಿ ಸಭೆ ಕುಳಿತಿತ್ತು. ಮೂರು ಮೈಕು, ಮೂರು ತಂತಿ, ಮೂರು ಕಡೆ ಧ್ವನಿವರ್ಧಕ. ವಿನೋದವೆಂದರೆ, ವೃಂದದ ನಾಯಕ ಸ್ಟೊಕೊವ್‌ಸ್ಕಿ ಅಂದು ತನ್ನ ವೃಂದದ ಮುಂದೆ ನಿಲ್ಲಲಿಲ್ಲ. ಕೋಲನ್ನು ಅಲೆಕ್ಸಾಂಡರ್ ಸ್ಮಾಲೆನ್ಸ್ ಎಂಬವರ ಕೈಗೆ ಕೊಟ್ಟು, ತಾನು ವಾಷಿಂಗ್ಟನ್ನಿನಲ್ಲಿ ಗುಂಡಿಗಳನ್ನು ತಿರುಗಿಸುತ್ತ ಕುಳಿತ. ಮೈಕ್‌ಸೆಟ್ಟಿನವನ ಆಸನದಲ್ಲಿ ಅಂಥ ಸಂಗೀತಗಾರ ಕುಳಿತದ್ದುಂಟು ಎಂದು ಓದಿದಾಗ, ನಮ್ಮ ವೃತ್ತಿಗೂ ಒಂದು ಪರಂಪರೆಯಿದೆ ಎಂದು ನನಗೆ ಸಮಾಧಾನವಾಯಿತು.

ಪ್ಯಾರಿಸ್ಸಿನಲ್ಲಿಯೂ ವಾಷಿಂಗ್ಟನ್ನಿನಲ್ಲಿಯೂ ನಿಯಮವೊಂದೇ: ಒಂದು ಧ್ವನಿಗೆ ಒಂದು ತಂತಿ. ಗಾಳಿಯ ಅಲುಗಾಟ ವಿದ್ಯುತ್ತಿನ ಅಲುಗಾಟವಾಗಿ ತಂತಿಯಲ್ಲಿ ಹರಿಯುತ್ತದೆ, ಆಚೆಯ ತುದಿಯಲ್ಲಿ ಮತ್ತೆ ಗಾಳಿಯಾಗುತ್ತದೆ. ನಡುವೆ ಗಡಿಯಾರದ ಮಾತೇ ಇಲ್ಲ. ಆದರೆ ಈ ಸರಳತೆಗೆ ಬೆಲೆ ತೆರಬೇಕಾಗಿತ್ತು. ದೂರ ಹೆಚ್ಚಿದಂತೆ ಧ್ವನಿ ಕ್ಷೀಣಿಸುತ್ತದೆ, ಗುಂಯ್ ಎಂಬ ಗದ್ದಲ ಸೇರಿಕೊಳ್ಳುತ್ತದೆ, ಧ್ವನಿಗಳು ಹೆಚ್ಚಿದಷ್ಟೂ ತಾಮ್ರ ಹೆಚ್ಚುತ್ತದೆ. ನಮ್ಮ ಹೆಬ್ಬಾವು ಹುಟ್ಟಿದ್ದು ಹೀಗೆ.

ಇದಕ್ಕೆ ಪರಿಹಾರವನ್ನು ಊಹಿಸಿದವನು ಅಲೆಕ್ ರೀವ್ಸ್ ಎಂಬ ಇಂಗ್ಲಿಷ್ ಇಂಜಿನಿಯರು. ಪ್ಯಾರಿಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ಆತ ೧೯೩೮ರಲ್ಲಿ ಫ್ರಾನ್ಸಿನಲ್ಲಿ ಒಂದು ಪೇಟೆಂಟು ಪಡೆದ. ಧ್ವನಿಯನ್ನೇ ಕಳುಹಿಸುವುದೇಕೆ? ಕ್ಷಣಕ್ಷಣಕ್ಕೂ ಅದನ್ನು ಅಳೆದು, ಆ ಅಳತೆಯ ಅಂಕಿಗಳನ್ನು ಕಳುಹಿಸಿದರಾಗದೆ? ಬಟ್ಟೆಯನ್ನು ಕಳುಹಿಸುವ ಬದಲು ಅಳತೆಯನ್ನು ಬರೆದು ಕಳುಹಿಸಿದರೆ ಆಚೆಯ ದರ್ಜಿ ಹೊಲಿದುಕೊಳ್ಳುತ್ತಾನೆ. ದಾರಿಯಲ್ಲಿ ಕಾಗದ ಎಷ್ಟು ಮಾಸಿದರೂ ಅಂಕಿ ಓದುವಂತಿದ್ದರೆ ಸಾಕು. ರೀವ್ಸನ ಕಾಲದ ವಾಲ್ವುಗಳಿಗೆ ಇದು ತೀರ ದುಬಾರಿಯ ಕೆಲಸವಾಗಿತ್ತು. ಟ್ರಾನ್ಸಿಸ್ಟರು ಬಂದ ಮೇಲೆ, ೧೯೬೨ರಲ್ಲಿ, ಬೆಲ್ ಸಂಸ್ಥೆಯವರು ಎರಡು ಜೋಡಿ ತಂತಿಯ ಮೇಲೆ ಇಪ್ಪತ್ತನಾಲ್ಕು ಟೆಲಿಫೋನ್ ಮಾತುಕತೆಗಳನ್ನು ಅಂಕಿಗಳಾಗಿ ಸಾಗಿಸಿದರು. ನಾನು ಹೆಗಲ ಮೇಲೆ ಹೊತ್ತ ಇಪ್ಪತ್ತನಾಲ್ಕು ಜೋಡಿಗಳನ್ನು ನೆನೆದು ಈ ಸಂಖ್ಯೆಯನ್ನು ಎರಡು ಸಲ ಓದಿದೆ.

ಅಂಕಿಗಳು ಬಂದೊಡನೆ ಗಡಿಯಾರವೂ ಬಂದಿತು. ಸಂಗೀತದ ಕೆಲಸದಲ್ಲಿ ಈಗ ಸಾಮಾನ್ಯವಾಗಿ ಸೆಕೆಂಡಿಗೆ ೪೮,೦೦೦ ಸಲ ಧ್ವನಿಯನ್ನು ಅಳೆಯುತ್ತಾರೆ. ಅಳೆದ ವೇಗದಲ್ಲಿಯೇ ಆಚೆಯವನು ಓದಬೇಕು. ಇಬ್ಬರ ಗಡಿಯಾರಗಳಲ್ಲಿ ಹತ್ತು ಲಕ್ಷಕ್ಕೆ ಹತ್ತರಷ್ಟು ಮಾತ್ರ ವ್ಯತ್ಯಾಸವಿದೆಯೆನ್ನಿ. ಕೈಗಡಿಯಾರದಲ್ಲಾದರೆ ಅದು ದಿನಕ್ಕೆ ಒಂದು ಸೆಕೆಂಡೂ ಆಗದು. ನಾವು ಗಮನಿಸುವುದೇ ಇಲ್ಲ. ಆದರೆ ಇಲ್ಲಿ ಎರಡು ಸೆಕೆಂಡಿಗೆ ಸುಮಾರು ಒಂದು ಅಂಕಿ ಹೆಚ್ಚಾಗಿ ಉಳಿಯುತ್ತದೆ, ಇಲ್ಲವೇ ಸಾಲದೆ ಹೋಗುತ್ತದೆ. ಹೆಚ್ಚಾದುದನ್ನು ಎಸೆಯಬೇಕು, ಸಾಲದೆ ಹೋದಲ್ಲಿ ತಡವರಿಸಬೇಕು. ಅಂಥ ತಡವರಿಕೆಯೇ ಕಿವಿಗೆ ‘ಟಿಕ್’ ಎಂದು ಕೇಳುವುದು.

ಮೊದಲಿನವರು ಇದನ್ನು ಜಾಣತನದಿಂದ ನಿವಾರಿಸಿಕೊಂಡರು. ಅಮೆರಿಕದ ಆಡಿಯೊ ಇಂಜಿನಿಯರಿಂಗ್ ಸೊಸೈಟಿ ೧೯೮೫ರಲ್ಲಿ ಪ್ರಕಟಿಸಿದ ನಿಯಮದಂತೆ, ಒಂದು ಕೇಬಲ್ಲಿನಲ್ಲಿ ಎರಡು ಧ್ವನಿಗಳು ಅಂಕಿಗಳಾಗಿ ಹೋಗುವುದಲ್ಲದೆ, ಅವುಗಳ ನಡಿಗೆಯಿಂದಲೇ ಕೇಳುವ ಯಂತ್ರವು ತಾಳವನ್ನು ಹಿಡಿದುಕೊಳ್ಳುತ್ತದೆ. ಯಂತ್ರಗಳು ಹಲವಾದರೆ ತಾಳಕ್ಕೆಂದೇ ಪ್ರತ್ಯೇಕ ಕೇಬಲ್ ಎಳೆಯುತ್ತಿದ್ದರು. ಕೆಲಸವೇನೋ ನಡೆಯಿತು. ಆದರೆ ಕೇಬಲ್ಲುಗಳ ಕಂತೆ ಮತ್ತೆ ಬೆಳೆಯಿತು.

ಈ ನಡುವೆ, ಸಂಗೀತಕ್ಕೂ ತಮಗೂ ಸಂಬಂಧವಿಲ್ಲವೆಂಬಂತೆ, ಕಂಪ್ಯೂಟರಿನವರು ತಮ್ಮದೇ ತಂತಿಯೊಂದನ್ನು ಎಳೆದಿದ್ದರು. ೧೯೭೩ರಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಕಂಪೆನಿಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್, ಡೇವಿಡ್ ಬಾಗ್ಸ್ ಎಂಬಿಬ್ಬರು ಕಂಪ್ಯೂಟರುಗಳನ್ನೂ ಮುದ್ರಣಯಂತ್ರವನ್ನೂ ಒಂದೇ ಕೇಬಲ್ಲಿಗೆ ಸೇರಿಸುವ ಉಪಾಯ ಮಾಡಿದರು. ಅದೇ ಈಥರ್ನೆಟ್. ಅದರ ಮರ್ಯಾದೆಯ ನಿಯಮ ಬಹಳ ಸೊಗಸಾಗಿದೆ. ಮಾತಾಡುವ ಮುನ್ನ ಕಿವಿಗೊಡು. ಯಾರೂ ಮಾತಾಡುತ್ತಿಲ್ಲವಾದರೆ ಮಾತಾಡು. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರೂ ಸುಮ್ಮನಾಗಿ, ಮನಸ್ಸಿಗೆ ಬಂದಷ್ಟು ಹೊತ್ತು ಕಾದು ಮತ್ತೆ ಯತ್ನಿಸಿ. ನಮ್ಮ ಸಭೆಗಳಲ್ಲಿಯೂ ಈ ನಿಯಮವಿದ್ದಿದ್ದರೆ ಎಷ್ಟು ಚೆನ್ನಾಗಿತ್ತು! ೧೯೯೦ರ ಹೊತ್ತಿಗೆ ವಿನೋದ್ ಭಾರದ್ವಾಜ್ ಮತ್ತು ಲ್ಯಾರಿ ಬ್ಲೇರ್ ಎಂಬುವರ ‘ಕಲ್ಪನಾ’ ಎಂಬ ಕಂಪೆನಿ ಈಥರ್ನೆಟ್ಟಿಗೆ ಮೊದಲ ಸ್ವಿಚ್ಚನ್ನು ತಯಾರಿಸಿತು. ಹೆಸರಿನಲ್ಲಿಯೇ ನಮ್ಮ ನೆಲದ ಗುರುತಿದೆ. ಅಲ್ಲಿಂದ ಮುಂದೆ ಎಲ್ಲರೂ ಒಂದೇ ಕೇಬಲ್ಲಿನಲ್ಲಿ ಡಿಕ್ಕಿ ಹೊಡೆಯುವುದು ತಪ್ಪಿ, ಯಾರ ಕಾಗದ ಯಾರಿಗೋ ಅವರಿಗೇ ಹೋಗತೊಡಗಿತು.

ಜಾಗವೇನೋ ಧಾರಾಳ. ಒಂದು ಧ್ವನಿಗೆ ಸೆಕೆಂಡಿಗೆ ೪೮,೦೦೦ ಅಳತೆ, ಅಳತೆಯೊಂದಕ್ಕೆ ೨೪ ಬಿಟ್ಟು, ಒಟ್ಟು ೧೧,೫೨,೦೦೦. ಅರವತ್ತನಾಲ್ಕು ಧ್ವನಿಗೆ ಏಳೂವರೆ ಕೋಟಿಯೂ ಆಗುವುದಿಲ್ಲ. ಇಂದಿನ ಸಾಧಾರಣ ಕೇಬಲ್ಲು ಸೆಕೆಂಡಿಗೆ ನೂರು ಕೋಟಿ ಸಾಗಿಸಬಲ್ಲದು. ಕೊರತೆಯಿದ್ದದ್ದು ಬೇರೆ ಕಡೆ. ಈಥರ್ನೆಟ್ಟು ಕಾಗದವನ್ನು ತಲುಪಿಸುತ್ತದೆ. ಇಷ್ಟು ಹೊತ್ತಿಗೇ ತಲುಪಿಸುತ್ತೇನೆಂಬ ವಾಗ್ದಾನ ಮಾಡುವುದಿಲ್ಲ. ಮುದ್ರಣಯಂತ್ರ ಅರೆಗಳಿಗೆ ಕಾದರೆ ನಷ್ಟವೇನು? ಆದರೆ ಸಮಕ್ಕೆ ಬೀಳಬೇಕಾದ ಮೃದಂಗದ ಪೆಟ್ಟು ಸಮ ಕಳೆದ ಮೇಲೆ ಬಂದರೆ ಅದನ್ನು ಏನು ಮಾಡುವುದು?

ಈ ಪ್ರಶ್ನೆಗೆ ೧೯೯೬ರಲ್ಲಿ ಅಮೆರಿಕದ ಬೌಲ್ಡರ್ ಪಟ್ಟಣದ ಪೀಕ್ ಆಡಿಯೊ ಎಂಬ ಸಣ್ಣ ಸಂಸ್ಥೆ ಉತ್ತರ ಕೊಟ್ಟಿತು. ಅದರ ಇಂಜಿನಿಯರು ಕೆವಿನ್ ಗ್ರಾಸ್. ಪದ್ಧತಿಗೆ ಅವರಿಟ್ಟ ಹೆಸರು ಕೋಬ್ರಾನೆಟ್. ನಮ್ಮ ಹೆಬ್ಬಾವಿನ ಜಾಗಕ್ಕೆ ನಾಗರಹಾವು ಬಂದಿತೆನ್ನಬೇಕು! ಅದರ ಒಳಗಿನ ವ್ಯವಸ್ಥೆಯನ್ನು ಓದಿದಾಗ ನಾನು ಬೆರಗಾದೆ. ಜಾಲದಲ್ಲಿರುವ ಯಂತ್ರಗಳಲ್ಲಿ ಒಂದಕ್ಕೆ ವಾದ್ಯವೃಂದದ ನಿರ್ದೇಶಕನ ಪಟ್ಟ, ಉಳಿದವು ವಾದಕರು. ನಿರ್ದೇಶಕ ಯಂತ್ರ ಸೆಕೆಂಡಿಗೆ ೭೫೦ ಸಲ ಒಂದು ಸಣ್ಣ ಪೊಟ್ಟಣವನ್ನು ಎಲ್ಲರಿಗೂ ಕಳುಹಿಸುತ್ತದೆ. ಅದರ ಹೆಸರೇ ತಾಳದ ಪೊಟ್ಟಣ. ಆ ಪೆಟ್ಟಿಗೆ ಸರಿಯಾಗಿ ಉಳಿದವರೆಲ್ಲ ತಮ್ಮ ಧ್ವನಿಯ ಪೊಟ್ಟಣಗಳನ್ನು ಕಳುಹಿಸುತ್ತಾರೆ. ನಿರ್ದೇಶಕ ಕೆಟ್ಟುಹೋದರೆ ವಾದಕರಲ್ಲೊಬ್ಬ ಕೋಲು ಹಿಡಿಯುತ್ತಾನೆ. ೧೯೯೭ರಲ್ಲಿ ಅಮೆರಿಕನ್ ಫುಟ್‌ಬಾಲಿನ ಸೂಪರ್ ಬೌಲ್ ಪಂದ್ಯದ ಮಧ್ಯಂತರ ಕಾರ್ಯಕ್ರಮದಲ್ಲಿ ಇದನ್ನು ಬಳಸಿದರು. ಧ್ವನಿ ತಲುಪಲು ಐದು ಮಿಲಿಸೆಕೆಂಡಿಗೆ ತುಸು ಮೇಲೆ ಹಿಡಿಯುತ್ತಿತ್ತು. ಗಾಳಿಯಲ್ಲಿ ಧ್ವನಿ ಅಷ್ಟು ಹೊತ್ತಿನಲ್ಲಿ ಎರಡು ಮೀಟರೂ ಹೋಗಲಾರದು. ಆದರೆ ಕೋಬ್ರಾನೆಟ್ಟಿಗೆ ಮಿತಿಯೂ ಇತ್ತು. ಅದು ಒಂದು ಜಾಲದ ಗಡಿಯನ್ನು ದಾಟಿ ಇನ್ನೊಂದು ಜಾಲಕ್ಕೆ ಹೋಗಲಾರದು. ಜೋಡಿಸುವವನು ಪ್ರತಿಯೊಂದು ಧ್ವನಿಯ ಕಟ್ಟಿಗೂ ಕೈಯಿಂದ ಸಂಖ್ಯೆ ಕೊಡಬೇಕು. ಒಂದು ಸಂಖ್ಯೆ ತಪ್ಪಿದರೆ ಮೌನ.

ಮುಂದಿನ ಹೆಜ್ಜೆ ಸಂಗೀತದವರದಲ್ಲ, ಅಳತೆಯ ಉಪಕರಣ ಮಾಡುವವರದು. ಕಾರ್ಖಾನೆಯ ಬೇರೆ ಬೇರೆ ಮೂಲೆಗಳಲ್ಲಿರುವ ಯಂತ್ರಗಳ ಗಡಿಯಾರಗಳನ್ನು ಕಂಪ್ಯೂಟರ್ ಜಾಲದ ಮೂಲಕವೇ ಹೊಂದಿಸುವ ವಿಧಾನವೊಂದು ೧೯೯೦ರ ದಶಕದಲ್ಲಿ ರೂಪುಗೊಂಡಿತು. ಇದರಲ್ಲಿ ಜಾನ್ ಐಡ್ಸನ್ ಎಂಬುವರ ಕೈ ದೊಡ್ಡದು. ೨೦೦೨ರಲ್ಲಿ ಅದು ಐಇಇಇ ೧೫೮೮ ಎಂಬ ಸಂಖ್ಯೆಯ ನಿಯಮವಾಗಿ ಪ್ರಕಟವಾಯಿತು. ಅದರ ಮರ್ಮ ಅಷ್ಟೇನೂ ಕಠಿಣವಲ್ಲ. ಬೆಂಗಳೂರಿನ ಭಾಷೆಯಲ್ಲಿಯೇ ಹೇಳಬಹುದು.

ಮಲ್ಲೇಶ್ವರದಲ್ಲೊಬ್ಬರು, ಬಸವನಗುಡಿಯಲ್ಲೊಬ್ಬರು ಸ್ನೇಹಿತರಿದ್ದಾರೆನ್ನಿ. ಟೆಲಿಫೋನಿಲ್ಲ. ಮಲ್ಲೇಶ್ವರದವರು ತಮ್ಮ ಗಡಿಯಾರ ನೋಡಿ ‘೧೦ ಗಂಟೆ’ ಎಂದು ಚೀಟಿ ಬರೆದು ಹುಡುಗನನ್ನು ಸೈಕಲ್ಲಿನಲ್ಲಿ ಕಳುಹಿಸುತ್ತಾರೆ. ಅವನು ತಲುಪಿದಾಗ ಬಸವನಗುಡಿಯ ಗಡಿಯಾರದಲ್ಲಿ ೧೦ ಗಂಟೆ ೫೦ ನಿಮಿಷ. ಸ್ವಲ್ಪ ಸುಧಾರಿಸಿಕೊಂಡು, ಅದೇ ಗಡಿಯಾರದಲ್ಲಿ ೧೧ ಆದಾಗ, ಅವನು ಹಿಂದಿರುಗಿ ಹೊರಡುತ್ತಾನೆ. ಮಲ್ಲೇಶ್ವರ ಮುಟ್ಟಿದಾಗ ಅಲ್ಲಿನ ಗಡಿಯಾರದಲ್ಲಿ ೧೧ ಗಂಟೆ ೩೦ ನಿಮಿಷ. ಲೆಕ್ಕದ ಪ್ರಕಾರ ಹೋಗುವುದಕ್ಕೆ ೫೦ ನಿಮಿಷ, ಬರುವುದಕ್ಕೆ ೩೦. ದಾರಿ ಒಂದೇ, ಹುಡುಗ ಒಬ್ಬನೇ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ೪೦. ಅದು ನಿಜವಾದ ಪ್ರಯಾಣದ ಹೊತ್ತು. ಎರಡರ ವ್ಯತ್ಯಾಸದ ಅರ್ಧ ೧೦. ಬಸವನಗುಡಿಯ ಗಡಿಯಾರ ಅಷ್ಟು ನಿಮಿಷ ಮುಂದಿದೆ. ಈ ಹುಡುಗ ಜಾಲದಲ್ಲಿ ಎಡೆಬಿಡದೆ ಓಡಾಡುತ್ತಾನೆ. ಗಡಿಯಾರಗಳು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿಗೂ ಕಡಿಮೆ ವ್ಯತ್ಯಾಸಕ್ಕೆ ಬಂದು ನಿಲ್ಲುತ್ತವೆ.

ಎಲ್ಲವೂ ನಿಂತಿರುವುದು ಒಂದು ನಂಬಿಕೆಯ ಮೇಲೆ: ಹೋಗುವ ಹೊತ್ತೂ ಬರುವ ಹೊತ್ತೂ ಸಮ ಎಂಬುದು. ಒಂದು ದಿಕ್ಕಿನಲ್ಲಿ ಒನ್‌ವೇ ಆಗಿಬಿಟ್ಟರೆ ಲೆಕ್ಕ ಕೆಟ್ಟಿತು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವಿಧಾನವನ್ನು ಸಂಗೀತಕ್ಕೆ ತಂದವರು ಆಸ್ಟ್ರೇಲಿಯದವರು. ಮೋಟೊರೋಲ ಕಂಪೆನಿ ಸಿಡ್ನಿಯಲ್ಲಿ ನಡೆಸುತ್ತಿದ್ದ ಸಂಶೋಧನಾಲಯದಲ್ಲಿ ಏಡನ್ ವಿಲಿಯಮ್ಸ್ ಮತ್ತು ಕೆಲವರು ಕಂಪ್ಯೂಟರ್ ಜಾಲಗಳ ಮೇಲೆ ಕೆಲಸ ಮಾಡುತ್ತಿದ್ದರು. ಆ ಪ್ರಯೋಗಾಲಯ ಮುಚ್ಚಿತು. ೨೦೦೩ರಲ್ಲಿ ವಿಲಿಯಮ್ಸ್ ನಿಕ್ಟಾ ಎಂಬ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯನ್ನು ಸೇರಿ ಅಲ್ಲಿ ಧ್ವನಿಯ ಜಾಲದ ಕೆಲಸ ಆರಂಭಿಸಿದರು. ೨೦೦೬ರಲ್ಲಿ ಅದು ಆಡಿನೇಟ್ ಎಂಬ ಕಂಪೆನಿಯಾಯಿತು. ಅವರ ಪದ್ಧತಿಯ ಹೆಸರು ಡಾಂಟೆ. ಇದರಲ್ಲಿ ಸಂಖ್ಯೆಗಳ ಕಾಟವಿಲ್ಲ. ಕೇಬಲ್ ಸಿಕ್ಕಿಸಿದೊಡನೆ ಪ್ರತಿಯೊಂದು ಯಂತ್ರವೂ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುತ್ತದೆ. ಕಂಪ್ಯೂಟರಿನ ಪರದೆಯಲ್ಲಿ ಚದುರಂಗದ ಹಾಸಿನಂತೆ ಮನೆಗಳು ಮೂಡುತ್ತವೆ. ಕಳುಹಿಸುವವರು ಒಂದು ಅಂಚಿನಲ್ಲಿ, ಕೇಳುವವರು ಇನ್ನೊಂದು ಅಂಚಿನಲ್ಲಿ. ‘ಗಾಯಕರ ಮೈಕು’ ಎಂಬುದಕ್ಕೂ ‘ಮಿಕ್ಸರ್ ೧’ ಎಂಬುದಕ್ಕೂ ಗೆರೆ ಕೂಡುವ ಮನೆಯನ್ನು ಒತ್ತಿದರೆ ಸಂಬಂಧ ಏರ್ಪಟ್ಟಿತು. ಗಡಿಯಾರದ ನಾಯಕನನ್ನೂ ಯಂತ್ರಗಳೇ ಆರಿಸಿಕೊಳ್ಳುತ್ತವೆ. ಯಾರ ಗಡಿಯಾರ ಉತ್ತಮವೋ ಅವನೇ ನಾಯಕ. ಅವನು ಬಿದ್ದರೆ ಮುಂದಿನವನು.

ನನ್ನ ಮನಸ್ಸಿನಲ್ಲಿ ನಿಂತ ಅಂಶ ಇನ್ನೊಂದಿದೆ. ಜಾಲದಲ್ಲಿ ಸಂದಣಿಯಾದರೆ ಮೊದಲು ಯಾರಿಗೆ ದಾರಿ ಬಿಡಬೇಕೆಂಬ ಅನುಕ್ರಮವನ್ನು ಡಾಂಟೆ ಪ್ರತಿ ಪೊಟ್ಟಣದ ಮೇಲೂ ಬರೆದು ಕಳುಹಿಸುತ್ತದೆ. ಮೊದಲ ಮರ್ಯಾದೆ ಧ್ವನಿಗಲ್ಲ, ಗಡಿಯಾರದ ಚೀಟಿಗೆ. ಧ್ವನಿಗೆ ಎರಡನೆಯದು. ಮಿಕ್ಕಿದ್ದೆಲ್ಲ ಆಮೇಲೆ. ಹಾಡಿಗಿಂತ ಮುಂದೆ ತಾಳ ಹೋಗಬೇಕು ಎಂದು ಅವರು ಕಂಡುಕೊಂಡಿದ್ದರು.

ನನ್ನ ‘ಟಿಕ್’ ಸಿಕ್ಕಿದ್ದು ಇಲ್ಲಿಯೇ. ೨೦೧೦ರಲ್ಲಿ ಈಥರ್ನೆಟ್ಟಿಗೆ ಒಂದು ಒಳ್ಳೆಯ ಗುಣವನ್ನು ಸೇರಿಸಿದರು: ವಿದ್ಯುತ್ತಿನ ಉಳಿತಾಯ. ಸಾಗಿಸಲು ಏನೂ ಇಲ್ಲದ ಗಳಿಗೆಯಲ್ಲಿ ಸ್ವಿಚ್ಚು ತೂಕಡಿಸುತ್ತದೆ. ಪೊಟ್ಟಣ ಬಂದೊಡನೆ ಎಚ್ಚರಗೊಳ್ಳುತ್ತದೆ. ಎಚ್ಚರಗೊಳ್ಳಲು ಹಿಡಿಯುವುದು ಸೆಕೆಂಡಿನ ಲಕ್ಷದಲ್ಲಿ ಒಂದೆರಡು ಭಾಗ ಮಾತ್ರ. ಆಫೀಸಿನಲ್ಲಿ ಅದು ಯಾರ ಗಮನಕ್ಕೂ ಬರುವುದಿಲ್ಲ. ಆದರೆ ಸೆಕೆಂಡಿಗೆ ೪೮,೦೦೦ ಸಲ ಅಳೆಯುವ ಕೆಲಸದಲ್ಲಿ ಒಂದು ಅಳತೆಗೂ ಇನ್ನೊಂದಕ್ಕೂ ನಡುವಣ ಅವಧಿಯೂ ಲಕ್ಷದಲ್ಲಿ ಎರಡು ಭಾಗವೇ. ಗಡಿಯಾರದ ಚೀಟಿ ಒಮ್ಮೆ ಬೇಗ, ಒಮ್ಮೆ ತಡ. ಸೈಕಲ್ಲಿನ ಹುಡುಗ ದಾರಿಯಲ್ಲಿ ಕಾಫಿಗೆ ನಿಂತಂತೆ. ಆಂಪ್ಲಿಫೈಯರ್ ತನ್ನ ಗಡಿಯಾರವನ್ನು ಯಾವ ಕಡೆ ತಿದ್ದಿಕೊಳ್ಳಬೇಕೆಂದು ತಿಳಿಯದೆ ತಡವರಿಸಿತು. ಡಾಂಟೆಯವರು ಈ ಗುಣವಿರುವ ಸ್ವಿಚ್ಚು ಬೇಡ, ಇದ್ದರೆ ಅದನ್ನು ಆರಿಸಿಡಿ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ನಾನು ಓದಿರಲಿಲ್ಲ. ಪೇಟೆಯಿಂದ ತಂದ ಆ ಸ್ವಿಚ್ಚಿನಲ್ಲಿ ಆರಿಸುವ ಸೌಕರ್ಯವೂ ಇರಲಿಲ್ಲ.

ಚರಿತ್ರೆ ಅಲ್ಲಿ ಮುಗಿಯಲಿಲ್ಲ. ಡಾಂಟೆಯಲ್ಲದೆ ಫ್ರಾನ್ಸಿನ ಈಥರ್‌ಸೌಂಡ್, ರೇಡಿಯೊ ನಿಲಯಗಳಿಗಾಗಿ ಅಮೆರಿಕದಲ್ಲಿ ಹುಟ್ಟಿದ ಲೈವ್‌ವೈರ್, ಜರ್ಮನಿಯ ರವೆನ್ನ ಎಂದು ಪದ್ಧತಿಗಳು ಬೆಳೆದವು. ಒಂದೇ ಬಗೆಯ ಕೇಬಲ್ಲು; ಭಾಷೆ ಬೇರೆ ಬೇರೆ. ಒಬ್ಬರ ಮೈಕಿನ ಪೆಟ್ಟಿಗೆಯ ಮಾತು ಇನ್ನೊಬ್ಬರ ಮಿಕ್ಸರಿಗೆ ತಿಳಿಯದು. ನಮ್ಮ ದೇಶದಲ್ಲಿ ಭಾರತೀಯ ಕಾಲಮಾನವನ್ನು ೧೯೦೬ರಲ್ಲಿ ಜಾರಿಗೆ ತಂದಾಗಲೂ ಹೀಗೆಯೇ ಆಯಿತು. ಕಲ್ಕತ್ತೆ ತನ್ನ ಹೊತ್ತನ್ನು ೧೯೪೮ರವರೆಗೂ ಮುಂಬಯಿ ೧೯೫೫ರವರೆಗೂ ಬಿಟ್ಟುಕೊಡಲಿಲ್ಲ. ತನ್ನ ಗಡಿಯಾರವೇ ಸರಿಯೆಂಬ ಅಭಿಮಾನ ಊರುಗಳಿಗೂ ಉಂಟು, ಕಂಪೆನಿಗಳಿಗೂ ಉಂಟು.

ಕಡೆಗೆ ಆಡಿಯೊ ಇಂಜಿನಿಯರಿಂಗ್ ಸೊಸೈಟಿ ಎಲ್ಲರಿಗೂ ಸಾಮಾನ್ಯವಾದ ಒಂದು ಆಡುಮಾತನ್ನು ರೂಪಿಸಲು ಸಮಿತಿ ನೇಮಿಸಿತು. ಅದರ ನೇತೃತ್ವ ವಹಿಸಿದವರು ಹಿಂದೆ ಕೋಬ್ರಾನೆಟ್ ಕಟ್ಟಿದ ಅದೇ ಕೆವಿನ್ ಗ್ರಾಸ್. ೨೦೧೩ರಲ್ಲಿ ಎಇಎಸ್ ೬೭ ಎಂಬ ನಿಯಮ ಹೊರಬಂದಿತು. ಅದು ಯಾರ ಪದ್ಧತಿಯನ್ನೂ ತೆಗೆದುಹಾಕಲಿಲ್ಲ. ಮನೆಯಲ್ಲಿ ನಿಮ್ಮ ನಿಮ್ಮ ಭಾಷೆ ಇರಲಿ, ಸಂತೆಯಲ್ಲಿ ಇಷ್ಟನ್ನು ಎಲ್ಲರೂ ಆಡಿ ಎಂದಿತು: ಸೆಕೆಂಡಿಗೆ ೪೮,೦೦೦ ಅಳತೆ, ಮಿಲಿಸೆಕೆಂಡಿಗೊಂದು ಪೊಟ್ಟಣ, ಪೊಟ್ಟಣಕ್ಕೆ ೪೮ ಅಳತೆ. ಗಡಿಯಾರಕ್ಕೆ ೨೦೦೮ರಲ್ಲಿ ಪರಿಷ್ಕೃತವಾದ ೧೫೮೮ರ ನಿಯಮ. ಇಲ್ಲಿಯೂ ಒಂದು ತೊಡಕು ಉಳಿಯಿತು. ಡಾಂಟೆ ಬೆಳೆದದ್ದು ೨೦೦೨ರ ನಿಯಮದ ಮೇಲೆ. ಎರಡೂ ಒಂದನ್ನೊಂದು ಅರಿಯವು. ಎರಡನ್ನೂ ಬಲ್ಲ ಯಂತ್ರವೊಂದು ನಡುವೆ ನಿಂತು ದುಭಾಷಿಯಾಗಬೇಕು. ಪೂರ್ಣವಾದ ಒಪ್ಪಂದ ಮನುಷ್ಯರಲ್ಲಿಯೇ ಕಾಣದಿರುವಾಗ ಯಂತ್ರಗಳನ್ನು ದೂರುವುದು ನ್ಯಾಯವಲ್ಲ.

ನಾನು ಬೇರೊಂದು ಸ್ವಿಚ್ಚನ್ನು ತರಿಸಿ ಹಾಕಿದೆ. ಯಾವ ಯಂತ್ರ ತಾಳ ಹಿಡಿದಿದೆ, ಯಾವುದು ಅನುಸರಿಸುತ್ತಿದೆ ಎಂಬುದನ್ನು ಪರದೆಯಲ್ಲಿ ನೋಡಿಯೇ ಈಗ ಕಛೇರಿಗೆ ಮೊದಲು ಕುರ್ಚಿಯಲ್ಲಿ ಕೂರುತ್ತೇನೆ. ವೈರು ಸುತ್ತಲು ಬಂದ ಹುಡುಗನಿಗೆ ವೈರು ಸುತ್ತುವುದರ ಜೊತೆಗೆ ಆ ಪರದೆಯನ್ನು ಓದುವುದನ್ನೂ ಕಲಿಸುತ್ತಿದ್ದೇನೆ. ಎರಡರಲ್ಲಿ ಯಾವುದು ಮೊದಲು ಎಂದು ಅವನು ಕೇಳಿದರೆ ವೈರು ಎಂದೇ ಹೇಳುತ್ತೇನೆ.

ಮರುವರ್ಷ ಅದೇ ಸಭಾಂಗಣದಲ್ಲಿ ಅದೇ ವಿದುಷಿಯರ ಕಛೇರಿ ಏರ್ಪಾಟಾಯಿತು. ಅಮ್ಮನವರು ವೇದಿಕೆಯಿಂದ ನನ್ನ ಕಡೆ ಒಂದು ಸಲ ನೋಡಿ ನಕ್ಕು, ತೋಡಿಯನ್ನೇ ಎತ್ತಿಕೊಂಡರು. ಮುಕ್ಕಾಲು ಗಂಟೆ ಹಾಡಿದರು. ನಡುನಡುವೆ ಅವರು ಸುಮ್ಮನಾದಾಗ ತಂಬೂರಿಯ ಹೊರತು ಬೇರೇನೂ ಕೇಳಿಸಲಿಲ್ಲ. ನಾನು ಆ ಮೌನವನ್ನೇ ಹೆಚ್ಚಾಗಿ ಕೇಳಿದೆನೆಂದರೆ ಸಂಗೀತಪ್ರಿಯರು ಕ್ಷಮಿಸಬೇಕು.

ಯಜಮಾನರು ಮೂರನೆಯ ಸಾಲಿನಲ್ಲಿಯೇ ಇದ್ದರು. ಹೊರಡುವಾಗ ನನ್ನ ಬಳಿ ನಿಂತು, “ಹಳೇ ಮಲ್ಟಿಕೋರ್ ಏನು ಮಾಡ್ದೆ?” ಎಂದು ಕೇಳಿದರು.

“ವೇದಿಕೆ ಕೆಳಗೇ ಸುತ್ತಿ ಇಟ್ಟಿದೀನಿ, ಸಾರ್.”

“ಅಲ್ಲೇ ಇರ್ಲಿ” ಎಂದು ಹೇಳಿ ಅವರು ಮೆಟ್ಟಿಲಿಳಿದು ಹೋದರು.